ಹಿಂದಿನ ಬೆಂಚಿನ ತಕರಾರು

ನಮ್ಮ ಕೌಂಟಿಯ ಜಲ್ಲಿ ರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸುವವನು ನಾನು. ಹೌಗನ್ ಮುದುಕ ಹಿಮದಲ್ಲಿ ಸಿಕ್ಕಿ ಸತ್ತ ಮೇಲೆ ಅವನ ಮನೆಯ ರಸ್ತೆಯಲ್ಲಿ ಯಾರೂ ಓಡಾಡುವುದಿಲ್ಲ. ಅದೊಂದನ್ನು ಮುಚ್ಚಿದರೆ ನನ್ನ ಸೋತ ಬೆನ್ನಿಗೆ ಅಷ್ಟಾದರೂ ಬಿಡುವು. ಆದರೆ ಪ್ರತಿ ಬೇಸಿಗೆಯಲ್ಲೂ ಕೋರ್ಟು ಕಟ್ಟಡದಲ್ಲಿ ನಡೆಯುವ ಕೌಂಟಿ ಸಭೆಯಲ್ಲಿ ಆ ರಸ್ತೆ ಮುಚ್ಚುವ ಮಾತೆತ್ತಿ "ಯಾರದಾದರೂ ತಕರಾರಿದೆಯಾ?" ಎಂದು ಕೇಳಿದಾಗ ಹಿಂದಿನ ಬೆಂಚಿನಿಂದ "ಇದೆ" ಎನ್ನುವ ದನಿ ಬರುತ್ತಿತ್ತು. ತಿರುಗಿದರೆ ಬೆಂಚು ಖಾಲಿ. ಅಂದವರು ಯಾರೆಂದು ತಿಳಿಯದೆ ವಿಷಯ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ಈ ಜುಲೈನಲ್ಲಿ ನಾನೇ ಹೋಗಿ ಆ ಬೆಂಚಿನಲ್ಲಿ ಕೂತೆ. ಹೊರಗೆ ಮೆಕ್ಕೆಜೋಳ ಬಾಡುವ ಬಿಸಿಲು. ಬೆಂಚು ಮಾತ್ರ ತಣ್ಣಗೆ ಕೊರೆಯುತ್ತಿತ್ತು, ಪಕ್ಕದಲ್ಲಿ ಒದ್ದೆ ಉಣ್ಣೆಯ ವಾಸನೆ. ಅಧ್ಯಕ್ಷೆ ಆರ್ಲಿಸ್ ಎಂದಿನಂತೆ ಕೇಳಿದಳು.

"ಇದೆ."

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

"ಏನಯ್ಯಾ ವರ್ಲಿನ್, ವರ್ಷವೆಲ್ಲ ಬೆನ್ನುನೋವು ಅಂತ ಗೋಳಾಡಿ ಈಗ ನೀನೇ ಅಡ್ಡ ಹಾಕ್ತೀಯಲ್ಲ!" ಎಂದಳು ಆರ್ಲಿಸ್.

"ನಾನು ಬಾಯೇ ಬಿಡಲಿಲ್ಲ ಕಣಮ್ಮ."

"ಮತ್ತೆ ನಿನ್ನ ಟೋಪಿ ಮಾತಾಡ್ತಾ?"

ಎಲ್ಲರೂ ನಕ್ಕರು. ತಕರಾರು ನನ್ನ ಹೆಸರಿಗೇ ಆಯಿತು, ರಸ್ತೆ ಉಳಿಯಿತು. ವಾದ ಮಾಡುವ ತ್ರಾಣವಿಲ್ಲದೆ ಎದ್ದು ಹೊರಟೆ. ಯಾರೋ ಒರಗಿ ಕೂತಿದ್ದಂತೆ ನನ್ನ ಎಡಗಡೆಯ ತೋಳಿಗೆ ಹಿಮ ಮೆತ್ತಿಕೊಂಡಿತ್ತು. ಮೆಟ್ಟಿಲಿಳಿದು ಬಿಸಿಲಲ್ಲಿ ಬಹಳ ಹೊತ್ತು ನಿಂತೆ. ಅದು ಕರಗಲಿಲ್ಲ.