ಕಾಯಿಲೆ ವಾಸಿಯಾದ ವಾದ್ಯ

ಮಾವ ಸತ್ತ ಮೇಲೆ ಅವರ ಅನಲಾಗ್ ಸಿಂಥಸೈಜರ್ ಮಗನ ಪಾಲಾಯಿತು. ರೇಡಿಯೋ ನಾಟಕಗಳಿಗೆ ಗಾಳಿ, ಗುಡುಗು, ದೆವ್ವದ ನಗು ಎಲ್ಲವನ್ನೂ ಹೊರಡಿಸಿದ ಆ ಮರದ ಮೈಯ ವಾದ್ಯವನ್ನು ಇಷ್ಟು ವರ್ಷ ಬಿಚ್ಚಿ, ಒರೆಸಿ, ಬೆಸುಗೆ ಹಾಕಿ ಬದುಕಿಸಿದವನು ಅಳಿಯ. ಹಳೆಯ ಸಿಂಥ್‌ಗಳ ರಿಪೇರಿಯಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹಾಗಂತ ಅವನೇ ಎಲ್ಲರಿಗೂ ಹೇಳುತ್ತಿದ್ದ. ಭಾವಮೈದುನನೋ, ಅದರ ಕೀಗಳ ಮೇಲೆ ಹಳೆಯ ಪೇಪರು ಪೇರಿಸುತ್ತಿದ್ದ. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ. ಅಳಿಯ ಮನಸ್ಸಿನಲ್ಲೇ ಅವನಿಗೆ ಬೆಣ್ಣೆಮುದ್ದೆ ಎಂದು ಹೆಸರಿಟ್ಟಿದ್ದ.

ಅತ್ತೆಯದು ಇನ್ನೊಂದು ವರಸೆ. ಗಂಡ ಇದ್ದಾಗ ಈ ಡಬ್ಬದ ಗಲಾಟೆ ತಡೆಯಲಾಗದು ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದವರು ಈಗ ದಿನಾ ಬೆಳಿಗ್ಗೆ ಅದರ ಸ್ವಿಚ್ ಹಾಕಿ, ಎರಡೂ ಕೈಗಳನ್ನು ಅದರ ನೆತ್ತಿಗೆ ಊರಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದು ಸ್ವರ ನುಡಿಸಿದವರಲ್ಲ. ಸತ್ತ ಮೇಲೆ ಬಂದ ಪ್ರೀತಿ, ಕರೆಂಟು ದಂಡ, ಎಂದು ಅಳಿಯ ಒಳಗೊಳಗೇ ನಗುತ್ತಿದ್ದ.

ಪರದೇಶದ ಸಂಗ್ರಾಹಕನೊಬ್ಬ ಅದೇ ಮಾದರಿಗೆ ಎಷ್ಟು ಹಣವಾದರೂ ಕೊಡಲು ಬಾಯಿ ಬಾಯಿ ಬಿಡುತ್ತಿದ್ದಾನೆಂದು ತಿಳಿದ ದಿನವೇ ಅಳಿಯ ತೀರ್ಮಾನಿಸಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕಳವಾಗಿದೆ ಎಂಬುದೇ ಗೊತ್ತಾಗದಿದ್ದರೆ ಕಳ್ಳನನ್ನು ಹುಡುಕುವವರು ಯಾರು?

ಮುಚ್ಚಿಹೋದ ಸ್ಟುಡಿಯೋ ಒಂದರ ಗುಜರಿಯಲ್ಲಿ ಅದೇ ಮಾದರಿಯ ಕೆಟ್ಟ ವಾದ್ಯವೊಂದರ ಹೆಣ ಸಿಕ್ಕಿತು. ಅತ್ತೆಯ ಮನೆಗೆ ಹೋದಾಗ ವಾದ್ಯದೊಳಗೆ ಒಂದು ತಂತಿ ಸಡಿಲ ಮಾಡಿ ಬಂದ. ಬೆಣ್ಣೆಮುದ್ದೆ ತಾನಾಗಿಯೇ ಫೋನ್ ಮಾಡಿ, ವಾದ್ಯವನ್ನು ಕಾರಿಗೆ ಹೇರಿ ಅಳಿಯನ ರಿಪೇರಿ ಅಂಗಡಿಗೆ ತಂದುಕೊಟ್ಟ. "ನೀವಿಲ್ದಿದ್ರೆ ಇದರ ಗತಿ ಏನು ಭಾವ!" ಎಂದೂ ಹೇಳಿದ. ಕಳ್ಳನ ಮನೆಗೆ ಮಾಲು ಹೊತ್ತು ತರುವ ಪೆದ್ದ!

ಆಮೇಲೆ ಅಳಿಯ ಉಸಿರು ಬಿಗಿಹಿಡಿದು ಕೆಲಸ ಮಾಡಿದ. ಎಡ ಮೂಲೆಯಲ್ಲಿ ಮಾವನ ಸಿಗರೇಟು ಸುಟ್ಟ ಕಲೆ, ಮುಕ್ಕಾದ ಒಂದು ಕೀ, ಬೇರೆ ವಾದ್ಯದಿಂದ ಕಿತ್ತು ಹಾಕಿದ ಕೆಂಪು ನಾಬ್, ಎಲ್ಲವೂ ನಕಲಿನ ಮೇಲೆ ಮೂಡಿದವು. ಆ ಸುಟ್ಟ ಕಲೆಗಂತೂ ಎಷ್ಟೋ ಹಲಗೆಗಳ ಮೇಲೆ ಅಭ್ಯಾಸ ಮಾಡಿದ್ದ. ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಅವನೇ ಕ್ಷಣ ತಬ್ಬಿಬ್ಬಾದ. ನಕಲಿನ ಒಳಗೆ ಕರೆಂಟು ಹಾಯಿಸುವ ಪವರ್ ಸಪ್ಲೈ ಮಾತ್ರ ತುಕ್ಕು ಹಿಡಿದಿತ್ತು. ಹೊಸ ಕಾಲದ್ದು, ಪುಟ್ಟದ್ದು ಒಂದನ್ನು ಕೂರಿಸಿದ. ಅಸಲಿನಲ್ಲಿದ್ದ ಹಳೆಯದರ ಹಾಗೆ ಕಾದು ಒಲೆಯಾಗುವ ಪೈಕಿಯಲ್ಲ. ಬಿಸಿ ಎಂದರೆ ಅವನ ಕಸುಬಿನಲ್ಲಿ ಕಾಯಿಲೆ. ನಕಲೇ ಆದರೂ ಅದಕ್ಕೆ ಕಾಯಿಲೆ ಅಂಟಿಸಲು ಅವನ ಕೈ ಬರಲಿಲ್ಲ.

ಅಸಲನ್ನು ಮರದ ಪೆಟ್ಟಿಗೆಯಲ್ಲಿ ಇಳಿಸಿಟ್ಟ. ಮುಚ್ಚಳ ಹೊಡೆಯುವುದೊಂದು ಬಾಕಿ. ಸಾಗಿಸುವವರು ಸಂಜೆಗೆ ಬರುವವರಿದ್ದರು. ಮಹಡಿಯ ಮೇಲಿನ ಮನೆಯಲ್ಲೇ ಇದ್ದರೂ ಹೆಂಡತಿ ಅಂಗಡಿಗೆ ಕಾಲಿಡುವವಳಲ್ಲ. ಬೆಸುಗೆಯ ವಾಸನೆಗೆ ಅವಳಿಗೆ ತಲೆನೋವು.

ಅದೇ ದಿನ ಬೆಳಿಗ್ಗೆ ನಕಲನ್ನು ಅತ್ತೆಯ ಮನೆಗೆ ಒಯ್ದು ಸ್ವಿಚ್ ಹಾಕಿ ಗುಡುಗು ನುಡಿಸಿದ. ಬೆಣ್ಣೆಮುದ್ದೆ ಬೆಚ್ಚಿಬಿದ್ದು ಚಪ್ಪಾಳೆ ತಟ್ಟಿದ. ಅತ್ತೆ ಸುಟ್ಟ ಕಲೆಯನ್ನು ಬೆರಳಿನಿಂದ ಸವರಿ, "ಎಷ್ಟು ಬೈದ್ರೂ ಇಲ್ಲೇ ಇಡೋರು ಸಿಗರೇಟ್ನ" ಎಂದು ಕಣ್ಣು ಒರೆಸಿಕೊಂಡರು. ಅಳಿಯನಿಗೆ ನಗು ತಡೆಯುವುದೇ ಕಷ್ಟವಾಯಿತು. ಕಾಫಿ ಕುಡಿದು ಹೊರಡಲು ಎದ್ದಾಗ ಅತ್ತೆ ಇನ್ನೂ ವಾದ್ಯದ ನೆತ್ತಿಗೆ ಕೈ ಊರಿ ನಿಂತೇ ಇದ್ದರು.

"ಯಾಕೆ ಅಳಿಯಂದ್ರೆ, ಇದು ಬಿಸಿಯಾಗ್ತಾನೇ ಇಲ್ಲ?"

"ಹಳೇ ಪವರ್ ಸಪ್ಲೈ ತೆಗೆದುಹಾಕ್ದೆ ಅತ್ತೆ. ಇನ್ಮೇಲೆ ಎಷ್ಟು ಹೊತ್ತು ಇಟ್ರೂ ತಣ್ಣಗಿರುತ್ತೆ," ಎಂದ ಅಳಿಯ, ಹೆಮ್ಮೆಯಿಂದಲೇ.

"ತಣ್ಣಗಿದ್ರೆ ನನಗ್ಯಾಕೆ ಅದು?" ಎಂದು ಅತ್ತೆ ಸೊಟ್ಟಗಾದ ಬೆರಳುಗಳನ್ನು ಮುಂದೆ ಹಿಡಿದರು. "ಬೆಳಿಗ್ಗೆ ಎದ್ರೆ ಗಂಟುನೋವಿಗೆ ಇವು ಮಡಚೋಕೇ ಬರಲ್ಲ. ಅದರ ಬಿಸಿಗೆ ಒಂದಿಷ್ಟು ಹೊತ್ತು ಇಟ್ರೇನೇ ಬಿಡಿಸ್ಕೊಳ್ಳೋದು. ಆ ಹಳೇದನ್ನೇ ಹಾಕ್ಕೊಡಿ. ಅಂಗಡೀಲಿದೆ ತಾನೆ?" ಅಳಿಯ ಬಾಯಿ ತೆರೆಯುವಷ್ಟರಲ್ಲಿ ಬೆಣ್ಣೆಮುದ್ದೆ ಎಂದೂ ಇಲ್ಲದ ಚುರುಕಿನಿಂದ ಅಕ್ಕನಿಗೆ ವಿಡಿಯೋ ಕರೆ ಮಾಡಿಯಾಗಿತ್ತು. ಅಮ್ಮನ ಕೈನೋವು ಎಂದ ಮೇಲೆ ಅವಳು ಮೂಗಿಗೆ ಸೆರಗು ಹಿಡಿದು ಕೆಳಗಿಳಿದೇಬಿಟ್ಟಳು. ಬೀಗ ತೆಗೆದ ಸದ್ದು, ದೀಪ, ಬಾಯ್ತೆರೆದ ಮರದ ಪೆಟ್ಟಿಗೆ. ಫೋನಿನ ಪರದೆಯ ಮೇಲೆ ಮುಕ್ಕಾದ ಕೀ, ಕೆಂಪು ನಾಬ್, ಎಡ ಮೂಲೆಯಲ್ಲಿ ಸಿಗರೇಟು ಸುಟ್ಟ ಕಲೆ. "ಪವರ್ ಸಪ್ಲೈ ಯಾವುದೋ ನನಗೆ ಗೊತ್ತಾಗ್ತಿಲ್ಲಮ್ಮ," ಎಂದಳು ಮಗಳು. "ಅಪ್ಪನ ವಾದ್ಯ ಇಡೀದೇ ಇಲ್ಲಿದೆಯಲ್ಲ. ಮತ್ತೆ ನೀನು ಕೈಯಿಟ್ಟಿರೋದು ಯಾವುದು?"