ಕಾಲುವೆ ದಂಡೆಯ ಆರು ಮರಗಳು

ಊರಿಗೆಲ್ಲ ಚಿಕ್ಕಮ್ಮನಾದ ಹುರ್ರಿಯತ್ ಖೋಲಾ ತಲೆವಸ್ತ್ರದ ಗಂಟನ್ನು ಪ್ರಯೋಗಾಲಯದ ಮೇಜಿನ ಮೇಲೆ ಬಿಚ್ಚಿದಾಗ ಅದರೊಳಗಿಂದ ಸತ್ತ ರೇಷ್ಮೆಹುಳುಗಳು ಉರುಳಿದವು. ಬೆರಳುದ್ದ ಇರಬೇಕಾದ ಹುಳುಗಳು ಮುದುಡಿ ಅರ್ಧವಾಗಿದ್ದವು. ಬಾಯಿಂದ ಹಸಿರು ನೀರು ಕಾರಿಕೊಂಡಿದ್ದವು.

"ನಿನ್ನ ಕಣಜಗಳ ಪ್ರತಾಪ ನೋಡು, ಸನೋಬರ್," ಎಂದಳು ಮುದುಕಿ. "ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದ ಹುಳು. ಇನ್ನೊಂದು ವಾರ ತಿಂದಿದ್ರೆ ಗೂಡು ಕಟ್ತಿದ್ವು. ಕಿಟಕಿ ಕಡೆಯ ತಟ್ಟೆಗಳೆಲ್ಲ ಹೋದ್ವು."

ಎರ್ಗಾಶ್ ನಾಲಿಗೆಯಡಿಯ ನೋಸನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತ. ಹೊಗೆಸೊಪ್ಪು, ಸುಣ್ಣ, ಬೂದಿ ಬೆರೆಸಿದ ಆ ಹಸಿರು ಪುಡಿ ಇಲ್ಲದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಐವತ್ತು ದಾಟಿದ ಎರ್ಗಾಶ್ ಚಿನೋರ್‌ತಗಿ ಊರಿನ ಕೀಟ ಪ್ರಯೋಗಾಲಯದ ಮೋಟಾರ್‌ಸೈಕಲ್ ಸವಾರ. ಊರೆಲ್ಲ ಒಪಾ, ಅಂದರೆ ಅಕ್ಕ, ಎಂದು ಕರೆಯುವ ಸನೋಬರ್ ಸಾಕಿದ ಕಣಜಕೀಟಗಳನ್ನು ಸೀಸೆಗಳಲ್ಲಿ ಒಯ್ದು ಹಿಪ್ಪುನೇರಳೆ ಮರಗಳಿಗೆ ಕಟ್ಟಿಬರುವುದು ಅವನ ಕೆಲಸ. ಶನಿವಾರ ಖೋಲಾಳ ಮನೆ ಹಿಂದಿನ ಕಾಲುವೆ ದಂಡೆಯ ಆರು ಮರಗಳಿಗೆ ಕಟ್ಟಿದವನೂ ಅವನೇ.

ಆ ಮರಗಳಿಗೆ ಹತ್ತಿದ್ದು ಹಿಟ್ಟು ತಿಗಣೆ. ಈ ಕಣಿವೆಯ ಕೀಟವಲ್ಲ ಅದು. ಅಜ್ಜಂದಿರ ಕಾಲದಲ್ಲಿ ಯಾರದೋ ಸಸಿಗಳ ಜೊತೆ ಪೂರ್ವದಿಂದ ಬಂದು ಇಲ್ಲೇ ಠಿಕಾಣಿ ಹೂಡಿತ್ತು. ತೊಗಟೆಯ ಮೇಲೆ ಅರಳೆ ಅಂಟಿಸಿದ ಹಾಗೆ ಕೂತು ರಸ ಹೀರುತ್ತಿತ್ತು. ಔಷಧಿ ಹೊಡೆಯೋಣವೆಂದರೆ ಅದೇ ಸೊಪ್ಪು ಹುಳುವಿನ ಬಾಯಿಗೆ ಹೋಗಬೇಕು. ಹಾಗಾಗಿ ಗಸಗಸೆ ಕಾಳಿಗಿಂತ ಚಿಕ್ಕದಾದ ಆ ಕಣಜವೇ ಗತಿ. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಂದು ಮುಗಿಸುತ್ತದೆ.

ಬಾಗಿಲಲ್ಲಿ ಔಷಧಿ ಅಂಗಡಿಯ ನಬಿ ಒರಗಿ ನಿಂತಿದ್ದ. "ಸಂಜೆ ಚಾಯ್‌ಖಾನಾದಲ್ಲಿ ಪಂಚಾಯ್ತಿ, ಒಪಾ. ನಾಳೆ ಊರಿನ ಎಲ್ಲ ಮರಕ್ಕೂ ನನ್ನ ಪಂಪು, ನಿಮ್ಮ ಬಾಗಿಲಿಗೆ ಬೀಗ. ಬೇಜಾರು ಮಾಡ್ಕೋಬೇಡಿ."

"ನೀನು ಹೊಡೆದ ಮೇಲೆ ಉಳಿದ ಮನೆಗಳ ಹುಳ ಏನು ತಿನ್ನಬೇಕಪ್ಪ, ನಿನ್ನ ಟೋಪಿನಾ?" ಎಂದಳು ಸನೋಬರ್ ಒಪಾ. ಇಪ್ಪತ್ತೆಂಟು ವರ್ಷ ಆ ಎರಡು ಕೋಣೆಗಳಲ್ಲಿ ಕಣಜ ಸಾಕಿದ್ದ ಹೆಂಗಸು. ಕಳೆದುಹೋದ ಕುರಿಯಿಂದ ಹಿಡಿದು ಬಾವಿಗೆ ಬಿದ್ದ ಉಂಗುರದವರೆಗೆ ಊರಿನ ಒಗಟುಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. ಈ ಸಲ ಆಪಾದನೆ ಅವಳ ಮೇಲೆಯೇ ಬಂದಿತ್ತು. ಸತ್ತ ಹುಳುವೊಂದನ್ನು ಭೂತಗನ್ನಡಿಯಲ್ಲಿ ನೋಡಿ ಕೇಳಿದಳು: "ಸಾಯೋ ಮುಂಚೆ ತಲೆ ಎತ್ತಿ ತೂಗಾಡಿದ್ವಾ, ಖೋಲಾ?"

"ಕುಡುಕರ ಹಾಗೆ."

"ಇನ್ನೂ ತೂಗಾಡ್ತಿರೋದು ಇದ್ರೆ ಬಿಸಾಕಬೇಡಿ. ಗಾಳಿಗೆ ಇಟ್ಟು, ಅಂಗಳದ ಮರದ ಸೊಪ್ಪು ಮಾತ್ರ ಕೊಡಿ. ನಡಿ ಎರ್ಗಾಶ್."

ದಾರಿಯಲ್ಲಿ ಚಾಯ್‌ಖಾನಾದ ಮಂಚದ ಮೇಲೆ ತೋಜಿಬೋಯ್ ಅತಾ ಒಬ್ಬನೇ ಕೂತಿದ್ದ. ಊರಿನ ಹಿರಿಯ, ಹುರ್ರಿಯತ್ ಖೋಲಾಳ ಅಣ್ಣ. ಮರ್ಗಿಲಾನ್ ಪಟ್ಟಣದಲ್ಲಿ ನಲವತ್ತು ವರ್ಷ ಅಟ್ಲಾಸ್ ಎಂಬ ರೇಷ್ಮೆಯ ನೂಲಿಗೆ ಬಣ್ಣ ಹಾಕುವ ಮುಂಚೆ ಅದರ ಕಟ್ಟುಗಳನ್ನು ಬಿಗಿಯುತ್ತಿದ್ದ ಕೈ ಅವನದು. ಸಂಜೆಯ ತೀರ್ಪನ್ನು ಹೇಳಬೇಕಾದವನೂ ಅವನೇ.

"ಒಂದು ಚಿಟಿಕೆ ಕೊಡಪ್ಪ ಎರ್ಗಾಶ್, ನಂದು ಮುಗಿದುಹೋಯ್ತು," ಎಂದು ಅವನು ಕೈ ಚಾಚಿದ. ಹುಳುಗಳ ಮಾತನ್ನು ಮಾತ್ರ ಎತ್ತಲಿಲ್ಲ.

ತಿರುವು ದಾಟಿದ ಮೇಲೆ ಎರ್ಗಾಶ್ ಗೊಣಗಿದ. "ಜಿಪುಣ. ಭಾನುವಾರದ ಸಂತೇಲಿ ಒಂದು ಕಿಲೋ ಕಟ್ಟಿಸ್ಕೊಂಡಿದ್ದನ್ನ ನಾನೇ ನೋಡಿದೀನಿ. ಇವತ್ತು ಮಂಗಳವಾರ. ನನ್ನ ಡಬ್ಬೀಲಿ ಏನು ಜೇನಿದೆಯಾ?"

ಸನೋಬರ್ ಒಪಾ ಅರೆಗಳಿಗೆ ನಿಂತಳು, ಮತ್ತೆ ನಡೆದಳು.

ಹುಳುಮನೆಯೊಳಗೆ ಹೊರಗಿನವರನ್ನು ಬಿಡುವ ಪದ್ಧತಿ ಇರಲಿಲ್ಲ, ಕಣ್ಣು ತಾಗುತ್ತದೆ. ಖೋಲಾಳ ಸೊಸೆ ಶೋಯಿಸ್ತಾ ಹೊಸ್ತಿಲಲ್ಲೇ ನಿಂತು ಉತ್ತರ ಕೊಟ್ಟಳು. ನಿನ್ನೆ ಸಂಜೆ ಗೋಡೆ ಕಡೆಯ ತಟ್ಟೆಗಳಿಗೆ ಅಂಗಳದ ಸೊಪ್ಪು ಹಾಕಿದ್ದಳು. ಅದು ಸಾಲದೆ ಕಿಟಕಿ ಕಡೆಗೆ ಕಾಲುವೆ ದಂಡೆಯ ಮರಗಳದ್ದು ಹಾಕಿದ್ದಳು. ಏಣಿ ಇಲ್ಲದ್ದರಿಂದ ಕೆಳಗಿನ ಕೊಂಬೆಗಳನ್ನಷ್ಟೇ ಕಡಿದಿದ್ದಳು. ಒಪಾ ಅವಳಿಂದ ಚೆನ್ನಾಗಿದ್ದ ಐದು ಹುಳುಗಳನ್ನು ಒಂದು ಜಾಡಿಯಲ್ಲಿ ಕೇಳಿ ತೆಗೆದುಕೊಂಡಳು.

ಕಾಲುವೆ ದಂಡೆಯ ಮರಗಳ ಕಾಂಡ ಕೆಳಗೆ ಸ್ವಚ್ಛವಾಗಿತ್ತು. ಆಳು ಕೈಯೆತ್ತಿದರೆ ಎಟುಕುವಷ್ಟು ಎತ್ತರದವರೆಗೆ ಒಂದು ಬಿಳಿ ಚುಕ್ಕೆಯೂ ಇಲ್ಲ. ಅದರ ಮೇಲೆ ತಿಗಣೆಯ ಅರಳೆ ಹಾಗೇ ಇತ್ತು.

"ಸೀಸೆಗಳು ನೀನು ಕಟ್ಟಿದ ಹಾಗೇ ಇವೆಯಾ?"

ಎರ್ಗಾಶ್ ಹತ್ತಿರ ಹೋಗಿ ನೋಡಿದ. "ಇಲ್ಲ ಒಪಾ. ನಾನು ಎರಡು ಗಂಟು ಹಾಕ್ತೀನಿ. ಇಲ್ಲಿ ಗಂಟೇ ಇಲ್ಲ. ದಾರಾನ ಮೂರು ಸುತ್ತು ಬಿಗಿದು ತುದಿ ಒಳಗೆ ತುರುಕಿದಾರೆ. ಯಾರೋ ಬಿಚ್ಚಿ ಮತ್ತೆ ಕಟ್ಟಿದಾರೆ."

ತೊಗಟೆಯ ಬಿರುಕಿನಲ್ಲಿ ಹಸಿರು ಗಸಿ ಒಣಗಿತ್ತು. ಒಪಾ ಅದನ್ನು ಚಾಕುವಿನ ತುದಿಯಲ್ಲಿ ಕೆರೆದು ಅವನ ಮೂಗಿಗೆ ಹಿಡಿದಳು. "ಏನು ವಾಸನೆ?"

"ಏನೂ ಇಲ್ಲ."

"ನಿನಗಿಂತ ಒಳ್ಳೆ ಸಾಕ್ಷಿ ನನಗೆ ಸಿಗಲ್ಲ ಬಿಡು," ಎಂದು ಅವಳು ನಕ್ಕಳು. ಅದರಲ್ಲಿ ನಗುವಂಥದ್ದೇನಿದೆ ಎಂದು ಎರ್ಗಾಶನಿಗೆ ತಿಳಿಯಲಿಲ್ಲ.

ಸಂಜೆ ಚಾಯ್‌ಖಾನಾ ತುಂಬಿತ್ತು. ನಬಿ ಪಂಪನ್ನು ಹೊತ್ತುಕೊಂಡೇ ಬಂದಿದ್ದ. ಒಪಾ ಮೊದಲು ಜಾಡಿಯನ್ನು ಎಲ್ಲರ ನಡುವೆ ಇಟ್ಟಳು. ಐದು ಹುಳುಗಳು ಸೊಪ್ಪು ಮೇಯುತ್ತಿದ್ದವು. ಅವುಗಳ ಬೆನ್ನ ಮೇಲೆ ಅವಳೇ ಬಿಟ್ಟ ಕಣಜಗಳು ಧೂಳಿನ ಕಣಗಳಂತೆ ಓಡಾಡುತ್ತಿದ್ದವು.

"ಬೆಳಿಗ್ಗೆಯಿಂದ ಒಂದೇ ಜಾಡೀಲಿ ಸಂಸಾರ ಮಾಡ್ತಿವೆ. ಕಣಜಕ್ಕೆ ತಿಗಣೆ ಬಿಟ್ರೆ ಬೇರೆ ಗೊತ್ತಿಲ್ಲ. ಮನೆಯೊಳಗೆ ಕಣಜ ನುಗ್ಗಿದ್ರೆ ಗೋಡೆ ಕಡೆಯ ಹುಳಗಳನ್ನ ಯಾಕೆ ಬಿಟ್ಟಿತು? ಆ ಎರಡು ಕಡೆಗೆ ವ್ಯತ್ಯಾಸ ಇದ್ದದ್ದು ಸೊಪ್ಪಲ್ಲಿ ಮಾತ್ರ. ವಿಷ ಬಂದದ್ದು ಕಾಲುವೆ ದಂಡೆಯಿಂದ."

ಎಲ್ಲರ ಕಣ್ಣೂ ನಬಿಯ ಪಂಪಿನ ಮೇಲೆ ಬಿತ್ತು. ಅವನು ಅದನ್ನು ಮೆಲ್ಲನೆ ಕೆಳಗಿಳಿಸಿದ.

"ಅವನಲ್ಲ," ಎಂದಳು ಒಪಾ. "ಪಂಪಾಗಿದ್ರೆ ಮರದ ತುದಿಯೂ ತೊಳೆದುಹೋಗಬೇಕಿತ್ತು. ಇದು ತಂಬಿಗೆಯಿಂದ ಎರಚಿದ್ದು, ಕೈ ಎಟುಕಿದಷ್ಟೇ. ಏನು ಎರಚಿದ್ರು? ಹುಳ ತಲೆ ತೂಗಿ, ಹಸಿರು ಕಾರಿ, ಮುದುಡಿ ಸತ್ತರೆ ಅದು ಹೊಗೆಸೊಪ್ಪಿನ ವಿಷ. ಅದರ ಗಸಿ ತೊಗಟೇಲೇ ಇತ್ತು. ಎರ್ಗಾಶನಿಗೆ ಮೂಸಿಸಿದೆ, ಏನೂ ವಾಸನೆ ಇಲ್ಲ ಅಂದ. ನನಗೆ ಮೂಗು ಸಿಡಿಯೋ ಹಾಗಿತ್ತು. ಹಗಲಿಡೀ ಬಾಯಲ್ಲಿ ನೋಸ್ ಇಟ್ಕೊಂಡವನಿಗೆ ವಾಸನೆ ಹತ್ತದೇ ಇರೋ ವಸ್ತು ಒಂದೇ."

ಎರ್ಗಾಶ್ ಬಾಯಲ್ಲಿದ್ದುದನ್ನು ಮೆಲ್ಲನೆ ಕರವಸ್ತ್ರಕ್ಕೆ ಉಗುಳಿದ. ಸುತ್ತಲಿದ್ದವರು ನಕ್ಕರು.

"ನೋಸ್ ಹಾಕದ ಗಂಡಸು ಈ ಊರಲ್ಲಿ ಯಾರಿದಾರೆ?" ಎಂದ ನಬಿ.

"ಅದಕ್ಕೇ ದಾರ ನೋಡಿದ್ದು. ಎರಚಿದವರು ಮೊದಲು ಸೀಸೆ ಬಿಚ್ಚಿ, ಆಮೇಲೆ ಜೋಪಾನವಾಗಿ ವಾಪಸ್ ಕಟ್ಟಿದಾರೆ. ಕಣಜದ ಹಗೆಯಾಗಿದ್ರೆ ಕಾಲಡಿ ಹಾಕಿ ತುಳೀತಿದ್ರು. ಇವರಿಗೆ ಕಣಜವೂ ಬೇಕಿತ್ತು, ಅದರ ಕೆಲಸ ಬೇಗನೂ ಆಗಬೇಕಿತ್ತು. ಗಂಟು ಹಾಕದೆ ಮೂರು ಸುತ್ತು ಬಿಗಿದು ತುದಿ ತುರುಕೋದು ರೇಷ್ಮೆ ನೂಲು ಕಟ್ಟೋರ ಕೈ. ಗಂಟು ಹಾಕಿದ್ರೆ ಬಣ್ಣ ಆದ ಮೇಲೆ ಬಿಚ್ಚಕ್ಕಾಗಲ್ಲ. ಭಾನುವಾರ ಕೊಂಡ ಒಂದು ಕಿಲೋ ನೋಸ್ ಮಂಗಳವಾರಕ್ಕೆ ಖಾಲಿಯಾಗಿ, ಕಂಡವರ ಹತ್ರ ಚಿಟಿಕೆ ಬೇಡೋ ಹಾಗಾಗಿದ್ದೂ ಅದೇ ಕೈಗೆ."

ತೋಜಿಬೋಯ್ ಅತಾ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ನಮ್ಮಪ್ಪ ಕುರಿ ಹೇನಿಗೆ ನೋಸ್ ನೀರು ಹಾಕ್ತಿದ್ದ," ಎಂದ. "ಒಂದೇ ದಿನಕ್ಕೆ ಹೋಗ್ತಿದ್ವು. ಕಣಜ ನಿಧಾನ, ಮರ ಒಣಗತ್ತೆ ಅಂತ ಹುರ್ರಿಯತ್ ದಿನಾ ಅಳ್ತಿದ್ಲು. ನಿನ್ನೆ ಮಧ್ಯಾಹ್ನ ಎರಚಿದೆ. ಕಾಂಡಕ್ಕೇ ಎರಚಿದ್ದು, ಸೊಪ್ಪಿಗೆ ಸಿಡಿದದ್ದು ಕಾಣಲಿಲ್ಲ. ಬೆಳಿಗ್ಗೆ ಹುಳ ಸತ್ತಿದ್ದು ಕೇಳಿ ನಾಲಿಗೆ ಬಿದ್ದುಹೋಯ್ತು."

"ನಿನ್ನ ನಾಲಿಗೆ ಬಿದ್ದುಹೋಗಿದ್ದಕ್ಕೆ ಸನೋಬರಳ ಪ್ರಯೋಗಾಲಯಕ್ಕೆ ಬೀಗ ಬೀಳ್ತಿತ್ತಲ್ಲ, ಅಣ್ಣ," ಎಂದಳು ಹುರ್ರಿಯತ್ ಖೋಲಾ. ಬೈಗುಳ ಇಡೀ ಊರಿಗೆ ಕೇಳುವಷ್ಟಿತ್ತು. ಆಮೇಲೆ ಒಪಾಳ ಕಡೆ ತಿರುಗಿದಳು. "ಕಾಲುವೆ ಮರ ಈ ವರ್ಷ ಮುಟ್ಟಲ್ಲ. ಅಂಗಳದ ಮರಕ್ಕೆ ಸೀಸೆ ಕೊಡು. ಐದು. ಇಲ್ಲ, ಎಂಟು ಕೊಡು."

ತೀರ್ಪು ಹೇಳುವ ಅಗತ್ಯವೇ ಬೀಳಲಿಲ್ಲ. ನಮಗೆ ಹತ್ತು, ನಮಗೆ ಆರು ಎಂದು ಜನ ಎರ್ಗಾಶನನ್ನು ಮುತ್ತಿಕೊಂಡರು. ಕತ್ತಲಾಗುವ ಮೊದಲು ಪ್ರಯೋಗಾಲಯದ ಕಪಾಟು ಬರಿದಾಯಿತು. ನಬಿ ಕೊನೆಯವನಾಗಿ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ದಾಳಿಂಬೆ ಗಿಡಕ್ಕೆ ಒಂದು ಸೀಸೆ ಕೇಳಿದ.

ಮರುದಿನದಿಂದ ತೋಜಿಬೋಯ್ ಅತಾ ಮನೆಮನೆ ತಿರುಗಿ, ಕಣಜ ಬಿಟ್ಟ ಮರಗಳ ಸೊಪ್ಪು ಬೇಡಿ ತಂಗಿಯ ಹೊಸ್ತಿಲಿಗೆ ತಂದು ಹಾಕಿದ. ತೂಗಾಡುತ್ತಿದ್ದ ಹುಳುಗಳಲ್ಲಿ ಹೆಚ್ಚಿನವು ಚೇತರಿಸಿಕೊಂಡು ಮೇಯತೊಡಗಿದವು. ಎಂಟನೆಯ ದಿನ ತಟ್ಟೆಗಳಲ್ಲಿಟ್ಟ ಒಣ ಪೊದೆಗಳನ್ನೇರಿ ಗೂಡು ಸುತ್ತಲಾರಂಭಿಸಿದವು.

ಗೂಡು ಬಿಡಿಸಿದ ದಿನ ಖೋಲಾ ದೊಡ್ಡ ತಟ್ಟೆಯಲ್ಲಿ ಬಿಸಿ ಪಲೋವ್ ಹೊತ್ತು ಪ್ರಯೋಗಾಲಯಕ್ಕೆ ಬಂದಳು. ಕ್ಯಾರೆಟ್ಟು, ಕಡಲೆ, ಮೇಲೆ ಕುರಿಮಾಂಸದ ದೊಡ್ಡ ತುಂಡುಗಳು.

"ಕಣಜಗಳಿಗೆ ತಂದೆ," ಎಂದಳು.

"ಅವು ಇದನ್ನ ತಿನ್ನಲ್ಲ, ಖೋಲಾ."

"ಗೊತ್ತಮ್ಮ. ಅವುಗಳ ಹೆಸರಲ್ಲಿ ನೀನು ತಿನ್ನು," ಎಂದು ಮುದುಕಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಎರ್ಗಾಶ್ ಕೈ ತೊಳೆಯಲು ಎದ್ದ.