ರೆಕ್ಕೆಯ ಆ ಕಡೆ

ಮೊಳದುದ್ದದ ಸೂಜಿಯೊಂದನ್ನು ಹಿಡಿದು ಅವನು ಅಂಗಡಿಯ ಮೆಟ್ಟಿಲು ಹತ್ತಿದಾಗ ನೀಲಾವತಿ ಹೊಲಿಗೆ ಮೆಷಿನ್ನಿನಿಂದ ತಲೆಯನ್ನೂ ಎತ್ತಲಿಲ್ಲ.

“ಗೋಣಿಚೀಲ ಹೊಲಿಯೋರು ಸಂತೆ ಮಾಳದಲ್ಲವ್ರೆ, ಅಲ್ಲಿಗೋಗಿ. ಇಲ್ಲಿ ಬ್ಲೌಸು, ಲಂಗ ಅಷ್ಟೇಯ.”

“ಗೋಣಿಯಲ್ಲ ಕಣಮ್ಮ. ಇಮಾನದ ರೆಕ್ಕೆ.”

ಈಗ ತಲೆಯೆತ್ತಿದಳು. ಎಣ್ಣೆ ಕಲೆಯ ಖಾಕಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲ್ಲು, ನಗಲೋ ಬೇಡವೋ ಎಂದು ಅಪ್ಪಣೆಗೆ ಕಾಯುತ್ತಿದ್ದ ಕಣ್ಣು. ಬೇಗೂರಿನಲ್ಲಿ ಅವಳನ್ನು ಯಾರೂ ಹಾಗೆ ನೋಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಊರಿನ ಕಣ್ಣುಗಳಲ್ಲಿ ಇದ್ದದ್ದು ಒಂದೋ ಕನಿಕರ, ಇಲ್ಲವೇ ಕಾವಲು.

“ತಮಾಷೆ ಮಾಡಕೆ ಬೇರೆ ಯಾರೂ ಸಿಗ್ನಿಲ್ವಾ?” ಎಂದಳು.

ತಮಾಷೆಯಾಗಿರಲಿಲ್ಲ. ಊರಾಚೆ, ಹೆದ್ದಾರಿಯಿಂದ ಒಳಕ್ಕೆ, ಕ್ಯಾಪ್ಟನ್ ಕುಶಾಲಪ್ಪ ಎಂಬ ಕೊಡಗಿನ ನಿವೃತ್ತ ಪೈಲಟ್ಟು ಹುರುಳಿ ಹೊಲ ಮಟ್ಟಮಾಡಿಸಿ ವಿಮಾನ ಕಲಿಸುವ ಶಾಲೆ ನಡೆಸುತ್ತಿದ್ದರು. ತೊಂಬತ್ತನಾಲ್ಕರ ಆ ಬೇಸಿಗೆಯಲ್ಲಿ ಅವರ ಬಳಿ ಉಳಿದಿದ್ದದ್ದು ಎರಡು ಪುಟ್ಟ ವಿಮಾನ. ಹಳೆಯದರ ರೆಕ್ಕೆಗೆ ತಗಡಲ್ಲ, ಬಟ್ಟೆ. ಬಟ್ಟೆ ಜೀರ್ಣವಾಗಿತ್ತು, ಹೊಸದು ಹೊಲಿಯಲು ಒಳ್ಳೆಯ ಕೈ ಬೇಕಿತ್ತು. ಕ್ಯಾಪ್ಟನ್ನರೇ ಮನೆಗೆ ಬಂದು ನೀಲಾವತಿಯ ಅತ್ತೆ ಪುಟ್ಟಸಿದ್ದಮ್ಮನನ್ನು ಒಪ್ಪಿಸಿದರು.

ಸೂಜಿ ತಂದವನು ಅಲ್ಲಿನ ಮೆಕ್ಯಾನಿಕ್ಕು, ಚಾಮರಾಜನಗರದ ಶಿವಮಲ್ಲು. ಎಲ್ಲರೂ ಅವನನ್ನು ಮಲ್ಲಣ್ಣ ಎನ್ನುತ್ತಿದ್ದರು. ಆ ‘ಅಣ್ಣ’ ಮಾತ್ರ ನೀಲಾವತಿಯ ಬಾಯಿಗೆ ಬರಲಿಲ್ಲ. ಯಾಕೆಂದು ತನ್ನನ್ನೇ ಕೇಳಿಕೊಳ್ಳದೆ, “ಮೇಸ್ತ್ರಿಗಳೇ” ಎಂದುಬಿಟ್ಟಳು.

ರೆಕ್ಕೆ ಹೊಲಿಯುವುದು ಒಬ್ಬರ ಕೆಲಸವಲ್ಲ. ಅದನ್ನು ಗೋಡೆಯ ಹಾಗೆ ನಿಲ್ಲಿಸುತ್ತಾರೆ. ಎರಡೂ ಮೈಗೆ ಬಿಳಿ ಬಟ್ಟೆ, ನಡುವೆ ಮರದ ಪಟ್ಟಿಗಳು. ಈ ಕಡೆಯವರು ಚುಚ್ಚಿದ ಸೂಜಿಯನ್ನು ಆ ಕಡೆಯವರು ಎಳೆದುಕೊಂಡು, ಪಟ್ಟಿಯ ಸುತ್ತ ಬಳಸಿ ಮತ್ತೆ ಈ ಕಡೆಗೆ ಕಳಿಸಬೇಕು. ವಿಮಾನ ಶಾಲೆಯ ಷೆಡ್ಡಿಗೆ ಇದ್ದದ್ದು ಒಂದೇ ಬಾಗಿಲು, ಬೆಳಕೂ ಅಲ್ಲಿಂದಲೇ.

“ಬಾಗಿಲ ಕಡೆ ನೀವು ನಿಂತ್ಕಳಿ,” ಎಂದಿದ್ದ ಶಿವಮಲ್ಲು. “ಗಂಟು ಹಾಕೋರು ನೀವು, ಬೆಳಕು ನಿಮಗಿರ್ಲಿ.”

ಹೊರಗೆ ಇನ್ನೊಂದು ವಿಮಾನದ ಇಂಜಿನ್ ಓಡಿಸಿದರೆ ಮಾತು ಕೇಳುತ್ತಿರಲಿಲ್ಲ. ಅದಕ್ಕೆಂದು ದಾರದಲ್ಲೇ ಒಂದು ಒಪ್ಪಂದ ಮಾಡಿಕೊಂಡರು. ಒಂದು ಸಲ ಜಗ್ಗಿದರೆ ಮುಂದಕ್ಕೆ, ಎರಡು ಸಲ ಜಗ್ಗಿದರೆ ಸಾಕು, ನಿಲ್ಲಿಸು.

“ಟೈಲರಮ್ಮಾರೇ, ಸೂಜಿ ಬಂತಾ?”

“ಬಂತು. ಜೊತೇಲಿ ನಿಮ್ಮ ಬೆರಳೂ ಬರಂಗಿತ್ತು.”

“ಬಂದಿದ್ರೆ ವಾಪಸ್ ಕಳಿಸ್ತಿದ್ರಾ, ಇಟ್ಕತಿದ್ರಾ?”

ಉತ್ತರವಾಗಿ ಸೂಜಿ ರಭಸದಿಂದ ಹೋಯಿತು. ಆ ಕಡೆಯಿಂದ “ಅಯ್ಯಪ್ಪಾ!” ಎಂದು ಕೇಳಿತು. ನೀಲಾವತಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು.

ಅವನು ಕಾಣುತ್ತಿರಲಿಲ್ಲ. ಅವಳ ಕಡೆಯಿಂದ ನೋಡಿದರೆ ಬರೀ ಬಿಳಿ ಬಟ್ಟೆ. ತಾನೂ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಅವಳು ಇಪ್ಪತ್ತರ ಹುಡುಗಿಯಾಗುತ್ತಿದ್ದಳು. ಅವನ ಮಾತಿಗೆ ಮೂತಿ ತಿರುಗಿಸುವಳು, ಹಣೆಯ ಕೂದಲು ತೀಡಿಕೊಳ್ಳುವಳು. ಅವನು ಏನಾದರೂ ಗುನುಗಿದರೆ, ದನಿ ಬರುವ ಜಾಗದಲ್ಲಿ ಬಟ್ಟೆಯ ಮೇಲೆ ಮೆಲ್ಲಗೆ ಅಂಗೈ ಇಡುವಳು. ಅದು ಪ್ರೀತಿ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಇಡುತ್ತಿದ್ದಳು.

ಒಂದು ಮಧ್ಯಾಹ್ನ ಆ ಕಡೆ ಗುನುಗು ನಿಂತಿತು.

“ಕ್ಯಾಪ್ಟನ್ನು ಸ್ಕೂಲು ಮುಚ್ತಾವ್ರೆ. ಈ ಇಮಾನ ಕೊಯಮತ್ತೂರಿನೋರಿಗೆ ಮಾರಾಗದೆ. ನಾನೂ ಅದರ ಜೊತೇಲೇ ಓಗ್ಬೇಕು, ಅಲ್ಲೇ ಕೆಲಸ.” ದಾರ ಅಲುಗಲಿಲ್ಲ. “ನೀವೂ ಬನ್ನಿ. ಮದುವೆ ಆಗನ. ನಿಮ್ಮ ಕೂಸು ಭವ್ಯನ್ನೂ ಕರ್ಕಂಡೋಗನ. ಈಗ್ಲೇ ಹೇಳ್ಬ್ಯಾಡಿ, ಯೋಚ್ನೆ ಮಾಡಿ.”

ಅಂದು ರಾತ್ರಿ ಊಟವಾದ ಮೇಲೆ ನೀಲಾವತಿ ಅತ್ತೆಯ ಮುಂದೆ ಬಾಯಿಬಿಟ್ಟಳು. ಪುಟ್ಟಸಿದ್ದಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ಓಗು ಕಣಮ್ಮಿ, ನಿನ್ನ ವಯಸ್ಸು ನಂಗೊತ್ತಿಲ್ವಾ? ತಡಿಯಕಿಲ್ಲ. ಕೂಸ ಮಾತ್ರ ಬುಟ್ಟೋಗು. ನನ್ನ ಮಗನ ಮೊಕ ಅದೊಂದ್ರಲ್ಲೇ ಉಳುದದೆ.”

ಕುಲದ ಯಜಮಾನರ ಬಳಿಗೆ ಹೋದರೂ ಇದೇ ತೀರ್ಮಾನ ಎಂದು ನೀಲಾವತಿಗೆ ಗೊತ್ತಿತ್ತು. ಚಾಪೆಯ ಮೇಲೆ ಐದು ವರ್ಷದ ಭವ್ಯ ಅಜ್ಜಿಯ ಹೆಬ್ಬೆರಳು ಹಿಡಿದು ನಿದ್ದೆ ಹೋಗಿದ್ದಳು. ಮಗಳನ್ನು ಬಿಟ್ಟು ಹೋಗುವುದು ಅವಳಿಂದಾಗದು. ಆ ಬೆರಳನ್ನು ಬಿಡಿಸುವುದೂ ಆಗದು.

ಮರುದಿನ ಹೊರಗೆ ಇಂಜಿನ್ ಓಡುತ್ತಿತ್ತು. ಅದೇ ಅವಳ ಪುಣ್ಯ. ಬಾಯಲ್ಲಿ ಹೇಳಬೇಕಾಗಿ ಬಂದಿದ್ದರೆ ಹೇಳುತ್ತಿರಲಿಲ್ಲವೇನೋ. ಆ ಕಡೆಯಿಂದ ಒಂದು ಸಲ ದಾರ ಜಗ್ಗಿತು, ಉತ್ತರ ಕೇಳುವ ಹಾಗೆ.

ಅವಳು ಎರಡು ಸಲ ಜಗ್ಗಿದಳು.

ಆಮೇಲೆ ಬಟ್ಟೆಗೆ ಎರಡೂ ಅಂಗೈ ಒತ್ತಿ, ಹಣೆ ಆನಿಸಿ, ಸದ್ದಿಲ್ಲದೆ ಅತ್ತಳು. ಆ ಕಡೆ ದಾರ ಸಡಿಲವಾಗಿಯೇ ಇತ್ತು. ಇಂಜಿನ್ ನಿಂತ ಮೇಲೆ ಅವನ ದನಿ ಬಂತು.

“ಆಯ್ತು ಬುಡಿ. ರೈಲಲ್ಲಿ ಬೆಳ್ಳಿ ಬಣ್ಣ ಬಂದದಂತೆ, ಚಾಮ್ರಾಜನಗರಕ್ಕೋಗಿ ತತ್ತೀನಿ. ಬಿಸಿಲು ಬಟ್ಟೇನ ತಿಂದಾಕ್ತದಲ್ಲ, ರೆಕ್ಕೆಗೆ ಆ ಬಣ್ಣ ಬಳುದ್ರೆ ಒಂದೆಳೆ ಬೆಳಕೂ ಒಳಿಕ್ಕೆ ಓಗಕಿಲ್ಲ.”

ಒಂದು ಪಟ್ಟಿಯ ಹೊಲಿಗೆ ಇನ್ನೂ ಬಾಕಿಯಿತ್ತು. ಅವನು ಅದರ ಮಾತೆತ್ತದೆ ಹೊರಟುಹೋದ.

ಮಾರನೆಯ ದಿನ ನೀಲಾವತಿ ಭವ್ಯಳನ್ನೂ ಕರೆದುಕೊಂಡು ಬಂದಳು. ಕಾವಲಿನ ಬೀರಯ್ಯನನ್ನು ಆ ಕಡೆ ನಿಲ್ಲಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಈ ಕಡೆಯಿಂದ ಸೂಜಿ ಚುಚ್ಚುವುದು, ರೆಕ್ಕೆಯನ್ನು ಸುತ್ತಿ ಆ ಕಡೆಗೆ ಹೋಗಿ ಎಳೆಯುವುದು, ಅಲ್ಲಿಂದ ಕಳಿಸಿ ಮತ್ತೆ ಬಂದು ಗಂಟು ಹಾಕುವುದು. ಅವನು ನಿಲ್ಲುತ್ತಿದ್ದ ಕತ್ತಲಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು. ಅಲ್ಲಿ ನಿಂತಾಗಲೆಲ್ಲ ಬೇಕೆಂದೇ ತುಸು ತಡಮಾಡುತ್ತಿದ್ದಳು.

ಕೊನೆಯ ಹೊಲಿಗೆಯ ಹೊತ್ತಿಗೆ ಬಿಸಿಲು ಬಾಗಿಲಿಗೆ ನೇರವಾಗಿತ್ತು. ಕತ್ತಲ ಕಡೆಯಿಂದ ಸೂಜಿ ಎಳೆದುಕೊಂಡು ತಲೆಯೆತ್ತಿದ ನೀಲಾವತಿ ಹಾಗೇ ನಿಂತುಬಿಟ್ಟಳು. ಹೊರಗೆ ಆಡಿ ಬಾಗಿಲ ಕಡೆ ಬಂದು ನಿಂತಿದ್ದ ಭವ್ಯ ಬಟ್ಟೆಯ ಮೇಲೆ ಇದ್ದಳು. ಎರಡು ಜಡೆ, ರಿಬ್ಬನ್ನಿನ ಹೂವು, ಮೂಗು ಕೆರೆದುಕೊಳ್ಳುವ ಬೆರಳು, ಎಲ್ಲವೂ ನೆರಳಾಗಿ ಬಿದ್ದಿದ್ದವು.

“ಕೂಸೇ, ಬಟ್ಟೆ ಮೇಲೆ ಕೈ ಇಡು,” ಎಂದಳು.

ಐದು ಬೆರಳೂ ಮೂಡಿದವು.

ಬೆಳಕು ನಿಮಗಿರಲಿ ಎಂದವನು ಕತ್ತಲ ಕಡೆ ನಿಂತು ಇಷ್ಟೂ ದಿನ ಎಲ್ಲವನ್ನೂ ನೋಡಿದ್ದ. ತಿರುಗಿಸಿದ ಮೂತಿ, ತೀಡಿಕೊಂಡ ಕೂದಲು, ಅಂಗೈ, ಕೊನೆಗೆ ಆ ಅಳು. ಬೇಡವೆಂದು ದಾರ ಜಗ್ಗಿದ ಕೈಯೇ ಬಟ್ಟೆಗೆ ಒತ್ತಿಕೊಂಡದ್ದನ್ನೂ ಅವನು ಕಂಡಿದ್ದ. ನಾಚಿಕೆಯೂ ದುಃಖವೂ ಒಟ್ಟಿಗೆ ಬಂದವು. ಸೂಜಿಯನ್ನು ಬಾಗಿಲ ಕಡೆಗೆ ಕಳಿಸಿ, ಸುತ್ತಿ ಬಂದು ಅವಳು ಕೊನೆಯ ಗಂಟು ಹಾಕಿದಳು.

ಅಷ್ಟರಲ್ಲಿ ಶಿವಮಲ್ಲು ಬಣ್ಣದ ಡಬ್ಬಗಳೊಂದಿಗೆ ಬಂದ. ಮುಗಿದ ಹೊಲಿಗೆಯ ಮೇಲೆ ಬೆರಳಾಡಿಸಿದ.

“ಒಬ್ರೇ ಹೊಲುದ್ರಾ?”

“ಎಲ್ಡೂ ಕಡೆ ನಾನೇ ನಿಂತ್ಕಂಡೆ.” ನೀಲಾವತಿ ಸೂಜಿಯನ್ನು ಅವನ ಕೈಗೆ ಕೊಟ್ಟಳು. “ಆ ಕಡೆಯಿಂದ ಎಲ್ಲಾ ಕಾಣ್ತದೆ.”

ಅವನು ತಲೆ ತಗ್ಗಿಸಿದ. “ಕಾಣ್ತದೆ.”

“ಯಾಕೆ ಹೇಳ್ನಿಲ್ಲ?”

“ಹೇಳಿದ್ರೆ ನೀವು ಕೈ ಇಡ್ತಿರ್ನಿಲ್ವಲ್ಲ.”

“ಕೂಸು ಅಜ್ಜಿ ಬುಟ್ಟಿರಕಿಲ್ಲ, ನಾನು ಕೂಸು ಬುಟ್ಟಿರಕಿಲ್ಲ,” ಎಂದಳು ನೀಲಾವತಿ. “ಅದಿಲ್ದಿದ್ರೆ ನಡ್ಕಂಡಾದ್ರೂ ಬತ್ತಿದ್ದೆ ಕಣ್ರೀ.”

“ಗೊತ್ತು. ನೋಡಿದ್ನಲ್ಲ. ಅದಕ್ಕೇ ಇನ್ನೊಂದ್ಸಲ ಕೇಳ್ನಿಲ್ಲ.”

ಎರಡು ದಿನ ಅವನು ರೆಕ್ಕೆಯ ಬಾಗಿಲ ಕಡೆಯ ಮೈಗಷ್ಟೇ ಬಣ್ಣ ಬಳಿದ. ಅದರಲ್ಲಿ, ಅವಳ ಎದೆಯ ಎತ್ತರಕ್ಕೆ, ಒಂದು ತಟ್ಟೆಯಷ್ಟಗಲ ಬಿಳಿ ಉಳಿಸಿ ಅವಳಿಗೆ ಹೇಳಿಕಳಿಸಿದ. ಅವಳು ಬಂದಾಗ ಬ್ರಷ್ಷನ್ನು ಕೈಗಿಟ್ಟು, “ಇದೊಂದು ನೀವೇ ಬಳೀರಿ,” ಎಂದು ಆ ಕಡೆಗೆ ಹೋಗಿ ನಿಂತ.

ನೀಲಾವತಿ ಮೊದಲು ಆ ಬಿಳಿಯ ಮೇಲೆ ಅಂಗೈ ಇಟ್ಟಳು. ಇಂದು ಕಾಣಲೆಂದೇ ಇಟ್ಟಳು. ಆ ಕಡೆಯ ಬಟ್ಟೆಯ ಮೇಲೆ ಅವನೂ ಕೈ ಇಟ್ಟದ್ದು ಮೆಲ್ಲಗೆ ತಟ್ಟಿದ ಸದ್ದಿನಿಂದ ತಿಳಿಯಿತು. ನಡುವೆ ಒಂದು ಗೇಣು ಖಾಲಿ. ಬಹಳ ಹೊತ್ತಿನ ಮೇಲೆ ಕೈ ತೆಗೆದು, ಬ್ರಷ್ಷು ಅದ್ದಿ, ಅಂಚಿನಿಂದ ನಡುವಿನವರೆಗೆ ಬಳಿದು ಮುಗಿಸಿದಳು. ಈ ಕಡೆ ಬಿಳಿಯೆಂಬುದು ಉಳಿಯಲಿಲ್ಲ.

“ಮೇಸ್ತ್ರಿಗಳೇ,” ಎಂದು ಕರೆದಳು. “ಈಗ ಕಾಣ್ತೀನಾ?”

ಒಂದೆಳೆ ಬೆಳಕೂ ಹೋಗದೆಂದು ಹೇಳಿದ್ದವನು ಅವನೇ.

“ಕಾಣ್ತೀರಿ,” ಎಂದ ಶಿವಮಲ್ಲು ಆ ಕಡೆಯಿಂದ.

ನೀಲಾವತಿ ಬಣ್ಣ ಹತ್ತಿದ ಬೆರಳಿನಿಂದ ಹಣೆಯ ಕೂದಲು ತೀಡಿಕೊಂಡಳು.